ಹಕ್ಕಾರನ ಶಾಪ ನಗರ ಹೊಕ್ಕ ಬಗೆ: 2005ರ ‘ಕರಪ್ಟೆಡ್ ಬ್ಲಡ್’ ಪ್ರಕರಣ

2005ರ ಸೆಪ್ಟೆಂಬರ್ 13ರಂದು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಕ್ಕೆ 1.7 ಸಂಖ್ಯೆಯ ಪ್ಯಾಚ್, ಅಂದರೆ ಆಟವನ್ನು ಪರಿಷ್ಕರಿಸುವ ತಿದ್ದುಪಡಿ, ಬಂದಿತು. ಅದರೊಡನೆ ಆಟದ ಲೋಕಕ್ಕೆ ಒಂದು ಹೊಸ ಕೋಟೆಯೂ, ಆ ಕೋಟೆಯ ಒಡೆಯನಾದ ಹಕ್ಕಾರ್ ಎಂಬ ರಕ್ತದೇವತೆಯೂ, ಆ ದೇವತೆಯ ಬತ್ತಳಿಕೆಯಲ್ಲಿ ‘ಕರಪ್ಟೆಡ್ ಬ್ಲಡ್’, ಅಂದರೆ ಕೆಟ್ಟ ನೆತ್ತರು, ಎಂಬ ಒಂದು ಶಾಪವೂ ಸೇರಿಕೊಂಡವು. ಒಂದೇ ಕಾಳಗದೊಳಗೆ, ಅದೂ ಕೆಲವು ಸೆಕೆಂಡುಗಳ ಮಟ್ಟಿಗೆ ಇರಬೇಕಾಗಿದ್ದ ಈ ಶಾಪ ಬಹುಬೇಗ ಕೋಟೆಯಿಂದ ಹೊರಬಿದ್ದು ಆಟದ ಮಹಾನಗರಗಳನ್ನು ಹೊಕ್ಕಿತು. ಬೀದಿಗಳಲ್ಲಿ ಆಟಗಾರರ ಪಾತ್ರಗಳ ಅಸ್ಥಿಪಂಜರಗಳು ರಾಶಿಬಿದ್ದವು. ಆಟವನ್ನು ನಿರ್ಮಿಸಿದ ಕಂಪನಿ ಹೂಡಿದ ಉಪಾಯಗಳು ಒಂದರ ಹಿಂದೊಂದು ಸೋತವು. ಅಕ್ಟೋಬರ್ 8ರ ಹೊತ್ತಿಗೆ, ನಿಯಮವೊಂದನ್ನೇ ಬದಲಾಯಿಸಿದ ಮೇಲೆ, ಪಿಡುಗು ಪೂರ್ತಿಯಾಗಿ ನಿಂತಿತು.

ಈ ಪ್ರಕರಣವನ್ನು ಕುರಿತು ಬರೆದವರಲ್ಲಿ ಹೆಚ್ಚಿನವರು ಆಟಗಾರರ ನಡವಳಿಕೆಯನ್ನೇ ಮುಖ್ಯವಾಗಿ ಚರ್ಚಿಸಿದ್ದಾರೆ. ಯಾರು ಓಡಿಹೋದರು, ಯಾರು ನೆರವಿಗೆ ನಿಂತರು, ಯಾರು ಬೇಕೆಂದೇ ಸೋಂಕು ಹರಡಿದರು ಎಂಬ ಕಥೆ ಸ್ವಾರಸ್ಯಕರವಾಗಿರುವುದು ನಿಜ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕೆಲವೇ ಸೆಕೆಂಡುಗಳ ಆಯುಸ್ಸಿನ ಶಾಪವೊಂದು ಮೂರು ವಾರಗಳಿಗೂ ಹೆಚ್ಚು ಕಾಲ ಬದುಕಿದ್ದು ಹೇಗೆ? ಇದಕ್ಕೆ ಸಿಗುವ ಉತ್ತರ ಶಾಪದ ಉಗ್ರತೆಗಿಂತ ಹೆಚ್ಚಾಗಿ ಆಟದ ನಿಯಮಾವಳಿಯಲ್ಲಿದ್ದ, ಬೇರಾವುದೋ ಉದ್ದೇಶಕ್ಕಾಗಿ ರೂಪುಗೊಂಡಿದ್ದ ಕೆಲವು ಸೌಕರ್ಯಗಳತ್ತ ಬೆರಳು ತೋರಿಸುತ್ತದೆ. ಈ ಬರಹದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಲೋಕವೂ ಶಾಪವೂ

ಅಮೆರಿಕದ ಬ್ಲಿಝರ್ಡ್ ಎಂಟರ್‌ಟೈನ್‌ಮೆಂಟ್ ಕಂಪನಿ 2004ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ಆಟ ನಡೆಯುವುದು ಅಝೆರಾತ್ ಎಂಬ ಕಲ್ಪಿತ ಲೋಕದಲ್ಲಿ. ಆಟಗಾರರು ಅಲಯನ್ಸ್ ಅಥವಾ ಹೋರ್ಡ್ ಎಂಬ ಎರಡು ಬಣಗಳಲ್ಲಿ ಒಂದನ್ನು ಸೇರಿ, ಯೋಧ, ಬೇಟೆಗಾರ, ಪುರೋಹಿತ, ಮಾಂತ್ರಿಕ ಮುಂತಾದ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು, ಮೊದಲನೆಯ ಲೆವೆಲ್‌ನಿಂದ ಅಂದಿನ ಗರಿಷ್ಠ ಮಿತಿಯಾಗಿದ್ದ ಅರುವತ್ತನೆಯ ಲೆವೆಲ್‌ವರೆಗೆ ಏರಬೇಕಾಗಿತ್ತು. 2005ರಲ್ಲಿ ಚಂದಾದಾರರ ಸಂಖ್ಯೆ 40 ಲಕ್ಷವನ್ನು ದಾಟಿತ್ತು. ಆದರೆ ಅವರೆಲ್ಲರೂ ಒಂದೇ ಜಗತ್ತಿನಲ್ಲಿ ಒಟ್ಟಾಗಿ ಇರಲಿಲ್ಲ. ಪ್ರತಿಯೊಂದು ಸರ್ವರ್‌ನಲ್ಲಿಯೂ ಅಝೆರಾತ್‌ನ ಒಂದೊಂದು ಪ್ರತ್ಯೇಕ ಪ್ರತಿ ಇತ್ತು. ಒಂದು ಸರ್ವರ್‌ನ ಪಾತ್ರ ಇನ್ನೊಂದರೊಳಗೆ ಅಡ್ಡಾಡಿಕೊಂಡು ಹೋಗಲು ಬರುತ್ತಿರಲಿಲ್ಲವಾದ್ದರಿಂದ ರೋಗವೂ ಸರ್ವರ್‌ನಿಂದ ಸರ್ವರ್‌ಗೆ ಹಾರುವಂತಿರಲಿಲ್ಲ. ಪಿಡುಗು ಎಲ್ಲೆಲ್ಲಿ ಕಾಣಿಸಿಕೊಂಡಿತೋ ಅಲ್ಲಲ್ಲಿ ಅದು ಬೇರೆಬೇರೆಯಾಗಿಯೇ ಹುಟ್ಟಿತ್ತು. ಕನಿಷ್ಠ ಮೂರು ಸರ್ವರ್‌ಗಳಲ್ಲಿ ಅದು ತೀವ್ರವಾಗಿತ್ತೆಂದು ಆ ಕಾಲದ ವರದಿಗಳು ಹೇಳುತ್ತವೆ. ಹಾಗಾಗಿ ಇದನ್ನು ಯಾರೋ ಒಬ್ಬ ಆಟಗಾರನ ಎಡವಟ್ಟೆಂದು ವಿವರಿಸುವುದು ಸಲ್ಲದು. ಒಂದೇ ಬಗೆಯ ಬಾಗಿಲು ಎಲ್ಲ ಪ್ರತಿಗಳಲ್ಲಿಯೂ ತೆರೆದಿತ್ತು.

ಹೊಸ ಪ್ಯಾಚ್‌ನಲ್ಲಿ ಬಂದ ಕೋಟೆಯ ಹೆಸರು ಝುಲ್‌ಗುರುಬ್. ಸ್ಟ್ರ್ಯಾಂಗಲ್‌ಥಾರ್ನ್ ಎಂಬ ದಟ್ಟ ಕಾಡಿನ ನಡುವೆ ಗುರುಬಾಶಿ ಎಂಬ ಕಲ್ಪಿತ ಬುಡಕಟ್ಟಿನ ಟ್ರೋಲ್‌ಗಳು ಕಟ್ಟಿದ ಪುರಾತನ ನಗರ ಅದು. ಅಲ್ಲಿನ ಕೊನೆಯ ಬಾಸ್, ಅಂದರೆ ಆಟಗಾರರು ಸೋಲಿಸಬೇಕಾದ ಪ್ರಬಲ ಎದುರಾಳಿ, ‘ಸೋಲ್‌ಫ್ಲೇಯರ್’ ಎಂಬ ಬಿರುದಿನ ಹಕ್ಕಾರ್. ಇಪ್ಪತ್ತು ಆಟಗಾರರ ತಂಡ ಒಳಗೆ ಹೋಗಬಹುದಾಗಿತ್ತು. ಹೀಗೆ ಒಳಹೊಕ್ಕ ಪ್ರತಿ ತಂಡಕ್ಕೂ ಆಟವು ಕೋಟೆಯ ಒಂದು ಖಾಸಗಿ ಪ್ರತಿಯನ್ನು ಸೃಷ್ಟಿಸಿಕೊಡುತ್ತದೆ. ಆಟದ ಪರಿಭಾಷೆಯಲ್ಲಿ ಇನ್‌ಸ್ಟನ್ಸ್ ಎನ್ನುವ ಈ ವ್ಯವಸ್ಥೆಯಿಂದ ಒಂದು ತಂಡದ ಕಾಳಗಕ್ಕೆ ಹೊರಗಿನವರು ಅಡ್ಡಬರುವುದು ತಪ್ಪುತ್ತದೆ. ಒಳಗೆ ನಡೆದದ್ದು ಒಳಗೇ ಮುಗಿಯುತ್ತದೆ ಎಂಬ ಭರವಸೆ ವಿನ್ಯಾಸಕಾರರಿಗೆ ಇದ್ದದ್ದು ಇದರಿಂದಲೇ ಇರಬೇಕು. ಹೊರಲೋಕದಲ್ಲಿ ಎಂದಿಗೂ ಬಿಡಲಾರದಷ್ಟು ಕ್ರೂರವಾದ ಮಂತ್ರವೊಂದನ್ನು ಹಕ್ಕಾರನ ಕೈಗೆ ಕೊಡುವ ಧೈರ್ಯವೂ ಇದರಿಂದಲೇ ಬಂದಿರಬೇಕು.

ಶಾಪದ ಕೆಲಸ ಸರಳವಾಗಿತ್ತು. ಹಕ್ಕಾರ್ ಒಬ್ಬ ಆಟಗಾರನ ಮೇಲೆ ಅದನ್ನು ಎಸೆದರೆ, ಆತನ ಪ್ರಾಣಶಕ್ತಿಯಿಂದ ಸುಮಾರು 250ರಿಂದ 300 ಅಂಕಗಳು ಕೆಲವು ಸೆಕೆಂಡುಗಳಿಗೊಮ್ಮೆ ಕಳೆದುಹೋಗುತ್ತಿದ್ದವು. ಆಗಿನ ಗರಿಷ್ಠ ಲೆವೆಲ್‌ನ ಪಾತ್ರಕ್ಕೆ ಸಾಮಾನ್ಯವಾಗಿ ಇರುತ್ತಿದ್ದ ಪ್ರಾಣಶಕ್ತಿ 4000ದಿಂದ 5000. ಅಂದರೆ ಬಲಿಷ್ಠನಾದವನು ಒಂದು ಏಟಿಗೆ ಸಾಯುತ್ತಿರಲಿಲ್ಲ. ಪುರೋಹಿತರ ಆರೈಕೆ ಸಿಕ್ಕರೆ ಶಾಪದ ಅವಧಿ ಮುಗಿಯುವತನಕ ತಾಳಿಕೊಳ್ಳಬಲ್ಲವನಾಗಿದ್ದ. ಆದರೆ ಆ ಅಲ್ಪಾವಧಿಯಲ್ಲಿ ಹತ್ತಿರ ನಿಂತವರಿಗೆಲ್ಲ ಶಾಪ ತಗಲುತ್ತಿತ್ತು, ಅವರಿಂದ ಅವರ ಪಕ್ಕದವರಿಗೆ, ಅವರಿಂದ ಮತ್ತೆ ಮೊದಲಿನವನಿಗೂ. ಇಪ್ಪತ್ತು ಜನ ಗುಂಪುಗೂಡಿ ನಿಲ್ಲದೆ ಅಂತರವಿಟ್ಟುಕೊಂಡು ಹೋರಾಡುವಂತೆ ಮಾಡುವುದೇ ಇದರ ಹಿಂದಿದ್ದ ತಂತ್ರ. ಕಾಳಗದ ಒಗಟಾಗಿ ನೋಡಿದರೆ ಇದು ಒಳ್ಳೆಯ ವಿನ್ಯಾಸವೇ ಎಂದು ನಾನು ಹೇಳುತ್ತೇನೆ; ಎಲ್ಲಿ ನಿಲ್ಲಬೇಕೆಂಬುದನ್ನು ಹೇಳಿಕೊಡಲು ಸೋಂಕಿಗಿಂತ ಒಳ್ಳೆಯ ಗುರುವಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಶಾಪಕ್ಕೆ ಹಾಕಿದ್ದ ಕಟ್ಟು ಕಾಲದ್ದು. ಇಂತಿಷ್ಟು ಸೆಕೆಂಡು ಕಳೆದ ಮೇಲೆ ಅದು ತಾನಾಗಿ ಅಳಿಯಬೇಕು ಎಂಬ ನಿಯಮವಿತ್ತು. ಝುಲ್‌ಗುರುಬ್‌ನ ಹೊರಗೆ ಅದು ಕೆಲಸ ಮಾಡಕೂಡದು ಎಂಬ ಸ್ಥಳದ ಕಟ್ಟನ್ನು ಪ್ರತ್ಯೇಕವಾಗಿ ಯಾರೂ ಬರೆದಿರಲಿಲ್ಲ. ಗಡಿಯಾರ ನಡೆಯುತ್ತಿರುವವರೆಗೆ ಸ್ಥಳದ ಕಟ್ಟು ಬೇಕಾಗಿಯೂ ಇರಲಿಲ್ಲ: ಕೋಟೆಯಿಂದ ನಗರಕ್ಕೆ ನಡೆದೋ ಹಾರಿಯೋ ಹೋಗುವಷ್ಟರಲ್ಲಿ ಶಾಪ ಮುಗಿದಿರುತ್ತಿತ್ತು, ಇಲ್ಲವೇ ಶಾಪಗ್ರಸ್ತನೇ ಮುಗಿದಿರುತ್ತಿದ್ದ.

ನಿಂತ ಗಡಿಯಾರ

ಗಡಿಯಾರವನ್ನು ನಿಲ್ಲಿಸಿದ್ದು ಸಾಕುಪ್ರಾಣಿಗಳು. ಬೇಟೆಗಾರ ವರ್ಗದ ಪಾತ್ರಗಳಿಗೆ ಕರಡಿ, ತೋಳ, ಹುಲಿಗಳಂಥ ಪಳಗಿಸಿದ ಪ್ರಾಣಿಗಳಿದ್ದವು. ವಾರ್ಲಾಕ್ ವರ್ಗದವರಿಗೆ ಆಜ್ಞೆ ಪಾಲಿಸುವ ಪಿಶಾಚಿಗಳಿದ್ದವು. ಇವೂ ಕಾಳಗದಲ್ಲಿ ಪಾಲ್ಗೊಳ್ಳುತ್ತಿದ್ದುದರಿಂದ ಶಾಪ ಇವಕ್ಕೂ ತಗಲುತ್ತಿತ್ತು. ಶಾಪ ತಗಲಿದ ಪ್ರಾಣಿ ಸಾಯುವ ಮೊದಲೇ ಅದನ್ನು ಕಾಳಗದಿಂದ ಮಾಯಮಾಡಿ, ಬೇಕಾದಾಗ ಮತ್ತೆ ಕರೆಯುವ ಅನುಕೂಲ ಒಡೆಯನಿಗಿತ್ತು. ಹಾಗೆ ಮಾಯವಾದ ಪ್ರಾಣಿ ಇದ್ದ ಸ್ಥಿತಿಯಲ್ಲಿಯೇ ಆಟದ ನೆನಪಿನಲ್ಲಿ ಉಳಿಯುತ್ತಿತ್ತು. ಅದರ ಮೇಲಿದ್ದ ಶಾಪವೂ, ಶಾಪದ ಬಾಕಿ ಸೆಕೆಂಡುಗಳೂ ಹಾಗೆಯೇ ಹೆಪ್ಪುಗಟ್ಟುತ್ತಿದ್ದವು. ಒಡೆಯ ಒಂದು ಗಂಟೆಯ ನಂತರ ನಗರದ ನಡುಬೀದಿಯಲ್ಲಿ ಪ್ರಾಣಿಯನ್ನು ಕರೆದರೆ, ಅದರ ಪಾಲಿಗೆ ಕಾಳಗದ ಆ ಕ್ಷಣ ಇನ್ನೂ ಮುಗಿದಿರುತ್ತಿರಲಿಲ್ಲ.

ಈ ನಿಯಮವನ್ನು ಅಜಾಗರೂಕತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಹಿಂದೆ ಒಂದು ನ್ಯಾಯವಿದೆ. ಪ್ರಾಣಿಯನ್ನು ಮಾಯಮಾಡಿ ಮತ್ತೆ ಕರೆದ ಮಾತ್ರಕ್ಕೆ ಅದರ ಮೇಲಿನ ವಿಷ, ಶಾಪ, ಗಾಯಗಳೆಲ್ಲ ತೊಳೆದುಹೋಗುವಂತಿದ್ದರೆ, ಪ್ರತಿಯೊಬ್ಬ ಬೇಟೆಗಾರನೂ ಪ್ರತಿ ಕಾಳಗದಲ್ಲಿಯೂ ಅದನ್ನೇ ಮಾಡುತ್ತಿದ್ದ. ಶತ್ರುವಿನ ಮಂತ್ರಗಳಿಗೆ ಅರ್ಥವೇ ಉಳಿಯುತ್ತಿರಲಿಲ್ಲ. ಸ್ಥಿತಿಯನ್ನು ಹಾಗೆಯೇ ಕಾಪಿಡುವ ನಿಯಮ ಅಂಥ ಮೋಸವನ್ನು ತಡೆಯುತ್ತದೆ. ಮೋಸ ತಡೆಯಲು ಇಟ್ಟ ನಿಯಮವೇ ಇಲ್ಲಿ ಕಳ್ಳಸಾಗಣೆಯ ಚೀಲವಾಯಿತು.

ಇದು ಮೊದಲ ಸಲವೂ ಅಲ್ಲ. ಮೋಲ್ಟನ್ ಕೋರ್ ಎಂಬ ಹಿಂದಿನ ಕೋಟೆಯಲ್ಲಿ ಬ್ಯಾರನ್ ಗೆಡನ್ ಎಂಬ ಬಾಸ್ ಎದುರಾಳಿಯನ್ನು ಜೀವಂತ ಬಾಂಬ್ ಆಗಿಸುವ ಮಂತ್ರ ಹಾಕುತ್ತಿದ್ದ. ಆ ಮಂತ್ರ ತಗಲಿದ ಪ್ರಾಣಿಯನ್ನು ಇದೇ ರೀತಿ ಮಾಯಮಾಡಿ, ಜನ ಸೇರುವ ಹರಾಜುಕಟ್ಟೆಯ ಮುಂದೆ ಕರೆದು ಸಿಡಿಸಿ ಗಲಿಬಿಲಿ ಎಬ್ಬಿಸುವ ಕೀಟಲೆ ಕೆಲವು ಆಟಗಾರರಿಗೆ ಮೊದಲೇ ತಿಳಿದಿತ್ತು. ಬಾಗಿಲು ಅದೇ. ಆದರೆ ಬಾಂಬ್ ಒಮ್ಮೆ ಸಿಡಿದರೆ ಮುಗಿಯಿತು, ಅದು ಇನ್ನೊಂದು ಬಾಂಬನ್ನು ಹುಟ್ಟಿಸುವುದಿಲ್ಲ. ಹಕ್ಕಾರನ ಶಾಪ ತಗಲಿದವರೆಲ್ಲರನ್ನೂ ಹೊಸ ಮೂಲಗಳನ್ನಾಗಿ ಮಾಡುತ್ತಿತ್ತು. ಅಪಾಯವನ್ನು ಅಳೆಯುವಾಗ ಆಗುವ ಹಾನಿಯ ಪ್ರಮಾಣವನ್ನು ನೋಡಿ, ಹಾನಿಯ ಸಂತಾನಶಕ್ತಿಯನ್ನು ನೋಡದೆ ಬಿಡುವುದು ಸಾಮಾನ್ಯ ಲೋಪ. ಬಾಂಬಿನ ಕೀಟಲೆಯನ್ನು ಕಂಡವರಿಗೂ ಶಾಪದ ಪರಿಣಾಮ ಹೊಳೆಯದೆ ಹೋದದ್ದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ.

ಸಾಯದ ವಾಹಕರು

ಪ್ರಾಣಿಗಳು ಶಾಪವನ್ನು ನಗರಕ್ಕೆ ತಂದವು. ಅಷ್ಟರಿಂದಲೇ ಅದು ನಗರದಲ್ಲಿ ನೆಲೆಸುತ್ತಿತ್ತೆಂದು ಹೇಳಲಾಗದು. ಮೊದಲ ಅಲೆಯಲ್ಲಿ ಸುತ್ತಮುತ್ತಲಿನವರು ಸತ್ತ ಮೇಲೆ, ಹರಡಲು ಯಾರೂ ಇಲ್ಲದೆ ಅದು ಆರಿಹೋಗಬಹುದಾಗಿತ್ತು. ಹಾಗಾಗದಂತೆ ನೋಡಿಕೊಂಡವರು ಕಂಪ್ಯೂಟರ್ ನಡೆಸುವ ಪಾತ್ರಗಳು: ಅಂಗಡಿಯವರು, ಕಾವಲುಗಾರರು, ಬ್ಯಾಂಕಿನವರು, ಆಟಗಾರರಿಗೆ ಕೆಲಸಗಳನ್ನು ಒಪ್ಪಿಸುವವರು. ಇವರ ಸೇವೆ ಸದಾ ದೊರಕಬೇಕಾದ್ದರಿಂದ ಇವರನ್ನು ಸುಲಭವಾಗಿ ಸಾಯದಂತೆ ರೂಪಿಸಲಾಗಿತ್ತು. ಇವರ ಪ್ರಾಣಶಕ್ತಿ ಹೆಚ್ಚು, ಮತ್ತು ಅದು ಬೇಗನೆ ಮರುಭರ್ತಿಯಾಗುತ್ತಿತ್ತು. ಶಾಪ ಇವರಿಗೂ ತಗಲುತ್ತಿತ್ತು, ಇವರಿಂದ ಹರಡುತ್ತಲೂ ಇತ್ತು, ಆದರೆ ಇವರಿಗೆ ಏನೂ ಆಗುತ್ತಿರಲಿಲ್ಲ. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಅದೇ ನಗು, ಅದೇ ಸ್ವಾಗತದ ಮಾತು.

ಸಾಂಕ್ರಾಮಿಕ ರೋಗಶಾಸ್ತ್ರದಲ್ಲಿ ಲಕ್ಷಣರಹಿತ ವಾಹಕ ಎಂದು ಕರೆಯುವುದು ಇಂಥವರನ್ನು. ರೋಗಿಯೊಬ್ಬನ ಆಯುಸ್ಸು ರೋಗ ಹರಡುವ ಅವಧಿಗೆ ಮಿತಿ ಹಾಕುತ್ತದೆ. ಸಾಯದ, ಮಲಗದ, ಕೆಲಸ ಬಿಡದ ವಾಹಕನಿಗೆ ಆ ಮಿತಿ ಇಲ್ಲ. ಅದಕ್ಕೂ ಮಿಗಿಲಾಗಿ, ಆಟದ ಪಾತ್ರಗಳ ಪೈಕಿ ಅತಿ ಹೆಚ್ಚು ಜನರನ್ನು ಭೇಟಿಯಾಗುವವರು ಇವರೇ. ನಗರದ ಹರಾಜುಕಟ್ಟೆಗೂ ಬ್ಯಾಂಕಿಗೂ ಬಾರದೆ ಆಟಗಾರನ ದಿನ ಸಾಗುತ್ತಿರಲಿಲ್ಲ. ಹೀಗಾಗಿ ಶಾಪಕ್ಕೆ ಆಟದ ಅತ್ಯಂತ ಜನನಿಬಿಡ ಜಾಗಗಳಲ್ಲಿಯೇ, ಎಂದೂ ಬತ್ತದ ನೆಲೆಯೊಂದು ಸಿಕ್ಕಿತು. ಅಲಯನ್ಸ್ ಬಣದ ಐರನ್‌ಫೋರ್ಜ್ ಮತ್ತು ಹೋರ್ಡ್ ಬಣದ ಆರ್‌ಗ್ರಿಮಾರ್ ನಗರಗಳು ಹೆಚ್ಚು ಜರ್ಜರಿತವಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಒಬ್ಬ ಆಟಗಾರ ಹರಾಜುಗಾರನ ಹತ್ತಿರ ನಿಂತು ಸೋಂಕು ಹಚ್ಚಿಸಿಕೊಂಡು, ಅದನ್ನು ಗುಂಪಿನಲ್ಲಿದ್ದವರಿಗೂ ಪಕ್ಕದ ಕಾವಲುಗಾರನಿಗೂ ದಾಟಿಸಿ ಸತ್ತ ಮೇಲೆ, ಆ ಕಾವಲುಗಾರ ಅದನ್ನು ಮುಂದಿನ ಗುಂಪಿಗಾಗಿ ಕಾಪಾಡಿಕೊಂಡಿರುತ್ತಿದ್ದ. ಶಾಪದ ಅವಧಿ ಒಬ್ಬನಲ್ಲಿ ಮುಗಿಯುವ ಮೊದಲು ಇನ್ನೊಬ್ಬನಲ್ಲಿ ಹೊಸದಾಗಿ ಆರಂಭವಾಗುತ್ತಿದ್ದುದರಿಂದ, ಸೆಕೆಂಡುಗಳ ಆ ಮಿತಿಗೆ ಜನಸಂದಣಿಯಲ್ಲಿ ಬೆಲೆಯೇ ಇರಲಿಲ್ಲ.

ಸಾವಿನ ಕುರಿತ ನಿಯಮವೂ ಇದಕ್ಕೆ ಒತ್ತಾಸೆಯಾಯಿತು. ಈ ಆಟದಲ್ಲಿ ಸತ್ತ ಪಾತ್ರ ಪ್ರೇತರೂಪದಲ್ಲಿ ಸ್ಮಶಾನದಲ್ಲಿ ಎದ್ದು, ತನ್ನ ಹೆಣವಿರುವಲ್ಲಿಗೆ ಓಡಿಹೋಗಿ, ಅಲ್ಲಿ ಮತ್ತೆ ಜೀವ ಪಡೆಯುತ್ತದೆ. ಹೆಣ ಬಿದ್ದಿರುವುದು ಸೋಂಕಿನ ನಡುವೆಯಾದರೆ, ಅಲ್ಪ ಪ್ರಾಣಶಕ್ತಿಯೊಡನೆ ಎದ್ದವನು ಅಲ್ಲಿಯೇ ಮತ್ತೆ ಸೋಂಕಿತನಾಗಿ ಮತ್ತೆ ಸಾಯುತ್ತಿದ್ದ. ಕಡಿಮೆ ಲೆವೆಲ್‌ನ ಆಟಗಾರರ ಪಾಡು ಇನ್ನೂ ಶೋಚನೀಯ; ಶಾಪದ ಒಂದೇ ತಟ್ಟಿಗೆ ಅವರ ಇಡೀ ಪ್ರಾಣಶಕ್ತಿ ಸೋರಿಹೋಗುತ್ತಿತ್ತು, ಅದೂ ತಮ್ಮನ್ನು ಕೊಂದದ್ದು ಏನೆಂದು ತಿಳಿಯುವ ಮೊದಲೇ.

1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಮಂಡಿಸಿದ ಗಣಿತ ಮಾದರಿಯ ಭಾಷೆಯಲ್ಲಿ ಇದನ್ನು ಹೇಳಬಹುದು. ಆ ಮಾದರಿ ಜನರನ್ನು ಸೋಂಕಿಗೆ ಈಡಾಗಬಲ್ಲವರು, ಸೋಂಕಿತರು, ಮತ್ತು ಗುಣಹೊಂದಿಯೋ ಸತ್ತೋ ಸರಪಳಿಯಿಂದ ಹೊರಗಾದವರು ಎಂದು ಮೂರು ಗುಂಪು ಮಾಡುತ್ತದೆ. ಪಿಡುಗೊಂದು ಕಾಲಕ್ರಮೇಣ ಇಳಿಯುವುದು ಮೂರನೆಯ ಗುಂಪು ಬೆಳೆದು ಮೊದಲನೆಯ ಗುಂಪು ಕರಗುವುದರಿಂದ. ಅಝೆರಾತ್‌ನಲ್ಲಿ ಆ ಮೂರನೆಯ ಗುಂಪೇ ಇರಲಿಲ್ಲ. ಗುಣವಾದವನಿಗೆ ರೋಗನಿರೋಧಕ ಶಕ್ತಿ ಬರುತ್ತಿರಲಿಲ್ಲ. ಸತ್ತವನು ಕೆಲವು ನಿಮಿಷಗಳಲ್ಲಿ ಎದ್ದುಬರುತ್ತಿದ್ದ. ಎಲ್ಲರೂ ಮರಳಿ ಮೊದಲನೆಯ ಗುಂಪಿಗೇ ಸೇರುತ್ತಿದ್ದರು. ಅಂಥ ಲೋಕದಲ್ಲಿ ಒಬ್ಬ ಸೋಂಕಿತ ಸರಾಸರಿ ಒಬ್ಬರಿಗಿಂತ ಹೆಚ್ಚು ಜನರಿಗೆ ಸೋಂಕು ದಾಟಿಸುವತನಕ ಪಿಡುಗು ತಾನಾಗಿ ಮುಗಿಯುವುದಿಲ್ಲ. ವಿರಳ ಜನರ ಕಾಡುಮೇಡುಗಳಲ್ಲಿ ಆ ಸರಾಸರಿ ಒಂದಕ್ಕಿಂತ ಕೆಳಗಿಳಿದು ಶಾಪ ಆರುತ್ತಿತ್ತು. ನಗರದಲ್ಲಿ ಅದು ಒಂದಕ್ಕಿಂತ ಎಷ್ಟೋ ಮೇಲಿತ್ತು.

ಆಟಗಾರರು

ನಿಯಮಗಳು ಇಷ್ಟು ಅನುಕೂಲ ಮಾಡಿಕೊಟ್ಟ ಮೇಲೆ ಮನುಷ್ಯರು ತಮ್ಮ ಪಾಲನ್ನು ಸೇರಿಸಿದರು. ಅನೇಕರು ನಗರಗಳನ್ನು ತೊರೆದು ಹಳ್ಳಿಗಾಡಿನತ್ತ ನಡೆದರು. ಅವರಲ್ಲಿ ಕೆಲವರು ಸೋಂಕನ್ನೂ ಜೊತೆಗೆ ಕೊಂಡೊಯ್ದರು. ಗುಣಪಡಿಸುವ ಶಕ್ತಿಯುಳ್ಳವರು ತಾವಾಗಿ ಬೀದಿಯಲ್ಲಿ ನಿಂತು ಅಪರಿಚಿತರಿಗೆ ಆರೈಕೆ ಮಾಡಿದರು. ಅಂಥ ಶಕ್ತಿ ಇಲ್ಲದ ಕೆಲವರು ಊರಬಾಗಿಲಲ್ಲಿ ನಿಂತು ಒಳಗೆ ಬರಬೇಡಿರೆಂದು ದಾರಿಹೋಕರನ್ನು ಎಚ್ಚರಿಸಿದರು. ಇನ್ನೊಂದು ಗುಂಪು ಬೇಕೆಂದೇ ಸೋಂಕು ಹಚ್ಚಿಕೊಂಡು ಜನರ ನಡುವೆ ನುಗ್ಗಿತು. ಮಾಂತ್ರಿಕರ ದ್ವಾರಗಳೂ ಕ್ಷಣದಲ್ಲಿ ಮನೆ ಸೇರಿಸುವ ಮಂತ್ರಶಿಲೆಯೂ ಇದ್ದ ಲೋಕದಲ್ಲಿ ಇಂಥ ಕಿಡಿಗೇಡಿತನಕ್ಕೆ ದೂರವೆಂಬುದು ಅಡ್ಡಿಯಾಗಲಿಲ್ಲ.

ಈ ಪೈಕಿ ವೈದ್ಯರ ಪಾತ್ರ ಹೆಚ್ಚು ವಿಚಾರಾರ್ಹ. ಅವರು ಕಳೆದ ಪ್ರಾಣಶಕ್ತಿಯನ್ನು ತುಂಬುತ್ತಿದ್ದರಾದರೂ ಸೋಂಕಿನ ಸರಪಳಿ ಹಾಗೆಯೇ ಉಳಿಯುತ್ತಿತ್ತು. ಬೇಗ ಸಾಯಬೇಕಾಗಿದ್ದ ಸೋಂಕಿತ ಅವರ ಆರೈಕೆಯಿಂದ ಇನ್ನಷ್ಟು ಹೊತ್ತು ಬದುಕಿ, ಇನ್ನಷ್ಟು ಜನರಿಗೆ ಶಾಪ ದಾಟಿಸುತ್ತಿದ್ದ. ಆರೈಕೆಗಾಗಿ ಹತ್ತಿರ ಬಂದ ವೈದ್ಯನೇ ಮುಂದಿನ ಕೊಂಡಿಯಾಗುತ್ತಿದ್ದ. ಸದುದ್ದೇಶದ ನೆರವೂ ಪಿಡುಗಿನ ಆಯುಸ್ಸನ್ನು ಹೆಚ್ಚಿಸಿರಬಹುದೆಂಬ ಈ ಅಂಶವನ್ನು ನಂತರದ ಅಧ್ಯಯನಕಾರರು ಸರಿಯಾಗಿಯೇ ಗುರುತಿಸಿದರು.

ಕುತೂಹಲಿಗಳದು ಮತ್ತೊಂದು ವರ್ಗ. ಅವರಿಗೆ ಹರಡುವ ಉದ್ದೇಶವಿರಲಿಲ್ಲ, ನೆರವಾಗುವ ಉದ್ದೇಶವೂ ಇರಲಿಲ್ಲ; ಏನಾಗುತ್ತಿದೆಯೆಂದು ಇಣುಕಿ ನೋಡಿ ಹೊರಟುಬಿಡುವುದು ಅವರ ಲೆಕ್ಕಾಚಾರ. ಇಣುಕಿದ ಕ್ಷಣವೇ ಸೋಂಕಿಗೆ ಸಾಕಾಗಿತ್ತು. ಕಿಡಿಗೇಡಿಗಳ ಬಗ್ಗೆ ಎಲ್ಲರೂ ಮಾತಾಡುತ್ತಾರಾದರೂ, ನಿಜ ಜೀವನಕ್ಕೆ ಹೆಚ್ಚು ಹತ್ತಿರವಾದವರು ಈ ಇಣುಕುನೋಟದವರೆಂದು ನಾನು ಭಾವಿಸುತ್ತೇನೆ.

ತಡೆಯುವ ಯತ್ನಗಳು

ಬ್ಲಿಝರ್ಡ್ ಮೊದಲು ಪ್ರಯತ್ನಿಸಿದ್ದು ಪ್ರತ್ಯೇಕವಾಸವನ್ನು. ಸೋಂಕಿತರು ದೂರವಿರುವಂತೆ ಮಾಡಿದ ಏರ್ಪಾಡುಗಳಿಗೆ ಕೆಲವರು ಕಿವಿಗೊಡಲಿಲ್ಲ. ಕೆಲವರು ಪಿಡುಗನ್ನು ಆಟದ ಒಂದು ಭಾಗವೆಂದೇ ಎಣಿಸಿದರು. ಈ ಎಣಿಕೆಯನ್ನು ಹಗುರವಾಗಿ ನೋಡುವಂತಿಲ್ಲ. ರಕ್ತದೇವತೆಯ ಪ್ಯಾಚ್ ಬಂದ ಬೆನ್ನಿಗೇ ನಗರಗಳಲ್ಲಿ ರಕ್ತದ ಪಿಡುಗು ಎದ್ದರೆ, ಅದು ಕಥೆಯ ಮುಂದುವರಿಕೆ ಎಂದು ನಂಬುವುದೇ ಸಹಜ. ಅದು ಕೋಡ್‌ನ ದೋಷವೆಂದು ಆಟಗಾರನಿಗೆ ಆಟದೊಳಗಿನಿಂದ ತಿಳಿಯುವ ದಾರಿ ಇರಲಿಲ್ಲ.

ಪ್ರತ್ಯೇಕವಾಸ ಫಲಿಸದೆ ಹೋದದ್ದಕ್ಕೆ ಅವಿಧೇಯತೆ ಒಂದು ಕಾರಣ ಮಾತ್ರ. ಪಾತ್ರಗಳನ್ನು ದೂರವಿಟ್ಟರೂ ಅಂಗಡಿಯವರನ್ನೂ ಕಾವಲುಗಾರರನ್ನೂ ಯಾರೂ ದೂರವಿಡುತ್ತಿರಲಿಲ್ಲ. ಎಲ್ಲ ಆಟಗಾರರೂ ಒಂದು ಗಂಟೆ ನಗರದಿಂದ ಹೊರಗಿದ್ದು ಮರಳಿ ಬಂದಿದ್ದರೂ, ಅಕ್ಕಪಕ್ಕ ನಿಂತ ಇಬ್ಬರು ಕಾವಲುಗಾರರು ತಮ್ಮೊಳಗೇ ಶಾಪವನ್ನು ಹಿಂದಕ್ಕೂ ಮುಂದಕ್ಕೂ ಕೈಬದಲಿಸುತ್ತ ಅದನ್ನು ಜೀವಂತವಾಗಿ ಇಟ್ಟಿರುವುದು ಸಾಧ್ಯವಿತ್ತು. ಅದೇ ರೀತಿ ಯಾವನೋ ಬೇಟೆಗಾರನ ಮಾಯವಾದ ತೋಳದೊಳಗೆ ಹೆಪ್ಪುಗಟ್ಟಿ ಕುಳಿತ ಶಾಪಕ್ಕೆ ಪ್ರತ್ಯೇಕವಾಸದ ಅರಿವೇ ಇರಲಿಲ್ಲ. ರೋಗದ ನಿಜವಾದ ಎರಡು ನೆಲೆಗಳನ್ನೂ ಮುಟ್ಟದ ಕ್ರಮ ಅದಾಗಿತ್ತು.

ಆಮೇಲೆ ಬಂದದ್ದು ಪೀಡಿತ ಸರ್ವರ್‌ಗಳ ಮರುಚಾಲನೆ ಮತ್ತು ಅವಸರದ ತಿದ್ದುಪಡಿಗಳು. ಮರುಚಾಲನೆಯಿಂದ ನಗರ ತಾತ್ಕಾಲಿಕವಾಗಿ ಶುದ್ಧವಾಗುತ್ತಿತ್ತು. ಆದರೆ ಝುಲ್‌ಗುರುಬ್ ಹಾಗೆಯೇ ಇತ್ತು, ಹಕ್ಕಾರನೂ ಇದ್ದ, ಪ್ರಾಣಿಯನ್ನು ಮಾಯಮಾಡುವ ಸೌಕರ್ಯವೂ ಇತ್ತು. ಹೊಸದೊಂದು ತಂಡ ಕೋಟೆಗೆ ಹೋಗಿ ಬಂದರೆ ಪಿಡುಗು ಮೊದಲಿನಿಂದ ಶುರುವಾಗಲು ತಡೆಯಿರಲಿಲ್ಲ. ಕೊನೆಗೆ, ಸಾಕುಪ್ರಾಣಿಗಳಿಗೆ ಈ ಶಾಪ ತಗಲದಂತೆ ನಿಯಮ ಬದಲಾದ ಮೇಲೆ, ಅದು ಕೋಟೆಯಿಂದ ಹೊರಬರುವ ದಾರಿ ಮುಚ್ಚಿತು. ಚಿಕಿತ್ಸೆ, ಎಚ್ಚರಿಕೆ, ದಿಗ್ಬಂಧನ ಯಾವುದೂ ಮಾಡದ್ದನ್ನು ಆ ಒಂದು ಸಣ್ಣ ತಿದ್ದುಪಡಿ ಮಾಡಿತು. ಇಲ್ಲಿಯೇ ಈ ಪ್ರಕರಣ ನಿಜ ಲೋಕದಿಂದ ಕವಲೊಡೆಯುತ್ತದೆ ಎಂಬುದನ್ನೂ ಹೇಳಬೇಕು: ಪ್ರಾಣಿಯಿಂದ ಮನುಷ್ಯನಿಗೆ ರೋಗ ದಾಟುವುದನ್ನು ನಿಯಮ ಬರೆದು ನಿಷೇಧಿಸುವ ಅಧಿಕಾರ ಯಾವ ಆರೋಗ್ಯ ಇಲಾಖೆಗೂ ಇಲ್ಲ.

ವಿದ್ವಾಂಸರ ಕಣ್ಣಿಗೆ

2007ರಲ್ಲಿ ಈ ಘಟನೆ ವೈದ್ಯಕೀಯ ಪತ್ರಿಕೆಗಳಿಗೆ ಬಂದಿತು. ಇಸ್ರೇಲಿನ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ರಾನ್ ಬಾಲಿಸರ್ ‘ಎಪಿಡೆಮಿಯಾಲಜಿ’ ಪತ್ರಿಕೆಯಲ್ಲಿ ಬರೆಯುತ್ತ, ಈ ಪಿಡುಗಿಗೂ ಸಾರ್ಸ್ ಮತ್ತು ಹಕ್ಕಿಜ್ವರಗಳಿಗೂ ಇರುವ ಹೋಲಿಕೆಗಳತ್ತ ಗಮನ ಸೆಳೆದು, ಇಂಥ ಆಟಗಳನ್ನು ಸೋಂಕುಗಳ ಹರಡುವಿಕೆಯ ಮಾದರಿಗಳಾಗಿ ಬಳಸಬಹುದೆಂದು ಸೂಚಿಸಿದರು. ಅದೇ ವರ್ಷ ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ‘ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಪತ್ರಿಕೆಯಲ್ಲಿ ಹೆಚ್ಚು ವಿಸ್ತಾರವಾದ ವಿಶ್ಲೇಷಣೆ ಪ್ರಕಟಿಸಿದರು. ಅವರ ವಾದದ ತಿರುಳು ಹೀಗಿದೆ: ಗಣಿತ ಮಾದರಿಗಳಲ್ಲಿ ಮನುಷ್ಯರ ನಡವಳಿಕೆಯನ್ನು ಮೊದಲೇ ಊಹಿಸಿ ಸೇರಿಸಬೇಕಾಗುತ್ತದೆ, ನಿಜ ಮನುಷ್ಯರನ್ನು ರೋಗಕ್ಕೆ ಒಡ್ಡಿ ಪ್ರಯೋಗ ಮಾಡಲು ನೀತಿ ಒಪ್ಪುವುದಿಲ್ಲ, ಇವೆರಡರ ನಡುವೆ, ನಿಜ ಮನುಷ್ಯರೇ ಕಲ್ಪಿತ ರೋಗಕ್ಕೆ ಸ್ಪಂದಿಸುವ ಆಟದ ಲೋಕಗಳು ಉಪಯುಕ್ತ ಪ್ರಯೋಗಶಾಲೆಯಾಗಬಲ್ಲವು.

ಸಾರ್ಸ್‌ನೊಡನೆ ಹೋಲಿಸಲು ಕಾರಣವಿತ್ತು. 2003ರಲ್ಲಿ ಆ ರೋಗ ಹಾಂಗ್‌ಕಾಂಗ್‌ನ ಒಂದು ಹೋಟೆಲಿನಿಂದ ವಿಮಾನಗಳ ಮೂಲಕ ಬೇರೆಬೇರೆ ದೇಶಗಳಿಗೆ ಹೋದಂತೆ, ಇಲ್ಲಿ ಶಾಪವು ಮಂತ್ರದ್ವಾರಗಳ ಮೂಲಕ ನಗರದಿಂದ ನಗರಕ್ಕೆ ಹೋಯಿತು. ಹಕ್ಕಿಜ್ವರದಲ್ಲಿ ಬಾತುಕೋಳಿಗಳು ತಾವು ಕಾಯಿಲೆ ಬೀಳದೆ ವೈರಸ್ ಹೊತ್ತು ತಿರುಗಬಲ್ಲವು. ಸಾಯದ ಅಂಗಡಿಯವರ ಪಾತ್ರ ಇದಕ್ಕೆ ಹತ್ತಿರವಾದದ್ದು.

ಆಕ್ಷೇಪಗಳೂ ಬಂದವು, ಅವುಗಳಲ್ಲಿ ಹುರುಳೂ ಇದೆ. ಸತ್ತರೆ ಮತ್ತೆ ಏಳುವ ಲೋಕದಲ್ಲಿ ಜನ ತೆಗೆದುಕೊಳ್ಳುವ ಅಪಾಯವನ್ನು, ಒಮ್ಮೆ ಸತ್ತರೆ ಮುಗಿಯುವ ಲೋಕದ ಅಪಾಯದೊಡನೆ ತೂಗುವುದು ಹೇಗೆ? ಆಟಗಾರನು ತನ್ನ ಪಾತ್ರವನ್ನು ಬೆಳೆಸಲು ತಿಂಗಳುಗಟ್ಟಲೆ ಶ್ರಮ ಹಾಕಿರುತ್ತಾನೆ, ಅದರೊಡನೆ ಭಾವನಾತ್ಮಕ ನಂಟು ಹೊಂದಿರುತ್ತಾನೆ ಎಂಬ ಸಮಜಾಯಿಷಿ ಕೇಳಿಬರುತ್ತದೆ. ಅದು ನಿಜವಾದರೂ, ಈ ಪಿಡುಗಿನಲ್ಲಿ ಸತ್ತವನು ಪಾತ್ರವನ್ನು ಕಳೆದುಕೊಳ್ಳುತ್ತಿರಲಿಲ್ಲ. ಕಳೆದುಕೊಳ್ಳುತ್ತಿದ್ದುದು ಸಮಯವನ್ನು ಮತ್ತು ಸಹನೆಯನ್ನು. ಹೀಗಾಗಿ ಕಿಡಿಗೇಡಿಗಳ ಪ್ರಮಾಣವನ್ನು ಇಲ್ಲಿಂದ ಎತ್ತಿ ನಿಜ ಲೋಕಕ್ಕೆ ಅನ್ವಯಿಸುವುದು ತಪ್ಪಾಗುತ್ತದೆ ಎಂಬುದು ನನ್ನ ನಿಲುವು. ಸೋಂಕಿನ ಜಾಲದ ರಚನೆಗೆ ಈ ಆಕ್ಷೇಪ ತಾಗುವುದಿಲ್ಲ: ಯಾರು ಹೆಚ್ಚು ಜನರನ್ನು ಭೇಟಿಯಾಗುತ್ತಾರೆ, ಯಾರು ಕಾಯಿಲೆ ಬೀಳದೆ ಹರಡುತ್ತಾರೆ, ಜನ ಯಾವ ಜಾಗವನ್ನು ಬಿಟ್ಟಿರಲಾರರು ಎಂಬ ಪ್ರಶ್ನೆಗಳಿಗೆ ಸಾವು ಅಗ್ಗವೋ ದುಬಾರಿಯೋ ಎಂಬುದು ಮುಖ್ಯವಲ್ಲ.

ಅಂಕಿಅಂಶಗಳ ಕೊರತೆ ಇನ್ನೊಂದು ತೊಡಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಈ ಘಟನೆಯ ಮಾಹಿತಿಯನ್ನು ಕೋರಿ ಬ್ಲಿಝರ್ಡ್ ಕಂಪನಿಯನ್ನು ಸಂಪರ್ಕಿಸಿದಾಗ, ಅದು ಆಟದ ದೋಷವಾಗಿತ್ತು ಎಂಬ ಉತ್ತರ ಸಿಕ್ಕಿತು. ಯೋಜಿತ ಪ್ರಯೋಗವಲ್ಲದ್ದರಿಂದ ಯಾರು ಯಾರಿಂದ ಯಾವಾಗ ಸೋಂಕಿತರಾದರೆಂಬುದನ್ನು ಅಧ್ಯಯನಕ್ಕೆ ಒದಗುವಂತೆ ಬರೆದಿಡಲು ಯಾರಿಗೂ ಕಾರಣವಿರಲಿಲ್ಲ. ಹೀಗೆ ಪ್ರತ್ಯೇಕ ಸರ್ವರ್‌ಗಳಲ್ಲಿ ಒಂದೇ ಪಿಡುಗು ಹಲವು ಸಲ ಬೇರೆಬೇರೆಯಾಗಿ ಹುಟ್ಟಿದ, ಬೇರೆಲ್ಲೂ ಸಿಗದ ಒಂದು ಅವಕಾಶ, ಹೋಲಿಸಿ ನೋಡಲು ಬರುವಂಥ ಲೆಕ್ಕವಿಲ್ಲದೆ ಕಳೆದುಹೋಯಿತು.

ಮೂರು ವರ್ಷಗಳ ನಂತರ

2008ರ ಅಕ್ಟೋಬರ್‌ನಲ್ಲಿ, ‘ರ್‍ಯಾತ್ ಆಫ್ ದ ಲಿಚ್ ಕಿಂಗ್’ ವಿಸ್ತರಣೆ ಬಿಡುಗಡೆಯಾಗುವ ಮುನ್ನ, ಬ್ಲಿಝರ್ಡ್ ತಾನೇ ಒಂದು ಪಿಡುಗನ್ನು ಅಝೆರಾತ್‌ಗೆ ಬಿಟ್ಟಿತು. ಈ ಬಾರಿ ಅದು ಆಟಗಾರರನ್ನು ಜೀವಚ್ಛವಗಳನ್ನಾಗಿ ಮಾಡುವ ಸೋಂಕು. ಹಿಂದಿನದರೊಡನೆ ಇಟ್ಟು ನೋಡಿದರೆ ಬದಲಾವಣೆಗಳು ಎದ್ದುಕಾಣುತ್ತವೆ. ಸೋಂಕು ತಗಲಿದವನಿಗೆ ರೂಪಾಂತರವಾಗುವ ಮೊದಲು ಕೆಲವು ನಿಮಿಷಗಳ ಗಡುವಿತ್ತು. ದಿನಗಳು ಕಳೆದಂತೆ ಆ ಗಡುವನ್ನು ಕಂಪನಿಯೇ ಕಿರಿದುಗೊಳಿಸುತ್ತ ಬಂದಿತು. ಗಡುವಿನೊಳಗೆ ಗುಣಪಡಿಸಲು ಆರ್ಜೆಂಟ್ ಡಾನ್ ಎಂಬ ಪಂಗಡದ ವೈದ್ಯರನ್ನು ನಗರಗಳಲ್ಲಿ ನಿಲ್ಲಿಸಲಾಗಿತ್ತು. ಕೊನೆಯಲ್ಲಿ ಔಷಧ ಪತ್ತೆಯಾಗುವುದೂ ಕಥೆಯ ಭಾಗವಾಗಿ ಮೊದಲೇ ಬರೆದದ್ದಾಗಿತ್ತು.

ಅಂಗಡಿಯವರೂ ಕಾವಲುಗಾರರೂ ಈ ಬಾರಿ ಸೋಂಕಿಗೆ ಈಡಾದರು, ಆದರೆ ಅವರೂ ಜೀವಚ್ಛವಗಳಾಗಿ ಬದಲಾದರು. ವಾಹಕ ಯಾರೆಂಬುದು ದೂರದಿಂದಲೇ ಕಾಣುತ್ತಿತ್ತು. ಓಡಿಹೋಗಬಹುದಾಗಿತ್ತು, ಇಲ್ಲವೇ ಕತ್ತಿ ಎತ್ತಬಹುದಾಗಿತ್ತು. ಅದಕ್ಕೆ ತೆರಬೇಕಾದ ಬೆಲೆಯೂ ಕೂಡಲೇ ತಿಳಿದುಬಂತು. ಕೆಲಸ ಒಪ್ಪಿಸುವವನೂ ಹರಾಜುಗಾರನೂ ಹೀಗೆ ಕಾಯಿಲೆ ಬಿದ್ದು ಇಲ್ಲವಾದಾಗ, ಪಿಡುಗಿನಲ್ಲಿ ಆಸಕ್ತಿಯಿಲ್ಲದ ಆಟಗಾರರ ದಿನಚರಿ ನಿಂತುಹೋಯಿತು, ಮತ್ತು ಅವರ ದೂರುಗಳು ಕಂಪನಿಯನ್ನು ಮುಟ್ಟಿದವು. ಸಾಯದ ಅಂಗಡಿಯವನು 2005ರಲ್ಲಿ ಯಾಕೆ ಸಾಯದಂತೆ ರೂಪುಗೊಂಡಿದ್ದನೆಂಬುದನ್ನು ಆ ದೂರುಗಳೇ ಹೇಳುತ್ತವೆ.